ಗೇಣಕ್ಕನ ಅಳತೆಯ ಅಡುಗೆಮನೆ

ನಮ್ಮ ಮನೆಗೆ ಬೆನ್ನು ತಾಗಿಸಿಕೊಂಡು ನಿಂತಿರುವ ಹಿಂದಿನ ಮನೆಯಲ್ಲಿ ಒಬ್ಬ ಟೈಲರ್ ಇದ್ದಾರೆ. ಎತ್ತರ ನಾಲ್ಕು ಅಡಿಗೆ ಎರಡು ಇಂಚು ಕಮ್ಮಿ. ಈ ಲೆಕ್ಕ ಅವರೇ ಕೊಟ್ಟದ್ದು. ಊರಿಗೆಲ್ಲ ಅಳತೆ ತೆಗೆಯುವವರಿಗೆ ತಮ್ಮ ಅಳತೆ ಗೊತ್ತಿಲ್ಲದೆ ಇರುತ್ತದೆಯೇ? ಶಾಲೆಯಲ್ಲಿ ಯಾರೋ ಮೊದಲ ಸಲ ‘ಗೇಣಕ್ಕ’ ಎಂದು ಕೂಗಿದ ದಿನ ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಿದ್ದರಂತೆ. ಮುಂದೆ ಹೊಲಿಗೆ ಅಂಗಡಿ ಇಟ್ಟಾಗ ಬೋರ್ಡು ಬರೆಯುವವನು ಏನು ಹೆಸರು ಹಾಕಲಿ ಎಂದು ಕೇಳಿದ. “ಹೇಗೂ ಊರೆಲ್ಲ ಕರೀತಾರಲ್ಲ, ಅದನ್ನೇ ಬರಿ. ಬಿಟ್ಟಿ ಪ್ರಚಾರ” ಎಂದು ತಾವೇ ಬರೆಸಿದರು. ಗೇಣಕ್ಕ ಟೈಲರ್ಸ್. ಆಮೇಲೆ ಆ ಹೆಸರಿನಿಂದ ಅವರನ್ನು ನೋಯಿಸುವುದು ಯಾರಿಂದಲೂ ಆಗಲಿಲ್ಲ.

ನಾನು ಅವರನ್ನು ಬರೀ ಅಕ್ಕ ಎನ್ನುತ್ತೇನೆ. ನನ್ನದು ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ, ಮಧ್ಯಾಹ್ನದ ಪಾಳಿ. ಹಾಗಾಗಿ ಬೆಳಗ್ಗೆ ನಾನು ನಮ್ಮ ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಒಗೆಯುವ ಹೊತ್ತಿಗೂ ಅಕ್ಕ ತಮ್ಮ ಅಡುಗೆಮನೆಯಲ್ಲಿ ಒಲೆ ಹಚ್ಚುವ ಹೊತ್ತಿಗೂ ಸರಿಹೋಗುತ್ತಿತ್ತು. ನಡುವೆ ಒಂದು ಮೋಟು ಗೋಡೆ, ಅದರಾಚೆ ಅವರ ಅಡುಗೆಮನೆಯ ಕಿಟಕಿ. ವರ್ಷಗಟ್ಟಲೆ ನಾವಿಬ್ಬರೂ ಹಾಗೆಯೇ ಹರಟೆ ಹೊಡೆದೆವು. ಆದರೆ ಕಿಟಕಿ ಎತ್ತರದಲ್ಲಿತ್ತು. ನನಗೆ ಕಾಣುತ್ತಿದ್ದದ್ದು ಬೈತಲೆ ತೆಗೆದ ನೆತ್ತಿ ಮಾತ್ರ, ಅದೂ ಅವರು ಸ್ಟೂಲಿನ ಮೇಲೆ ನಿಂತಾಗ. ಇಳಿದರೆ ಅದೂ ಇಲ್ಲ, ಬರೀ ದನಿ.

ಅಂಗಡಿಯಲ್ಲಿ ಅಕ್ಕನಿಗೆ ಎಲ್ಲವೂ ಕೈಗೆಟುಕುವಂತಿತ್ತು. ಹೊಲಿಗೆ ಮಷೀನಿನ ಕಾಲನ್ನು ವೆಲ್ಡಿಂಗ್‌ನವನಿಂದ ಕತ್ತರಿಸಿ ಗಿಡ್ಡ ಮಾಡಿಸಿದ್ದರು. ಬಟ್ಟೆ ಕತ್ತರಿಸುವ ಮೇಜು ಸೊಂಟದ ಮಟ್ಟಕ್ಕಿತ್ತು. ಉದ್ದದ ಗಿರಾಕಿಗಳ ಭುಜದ ಅಳತೆ ತೆಗೆಯಲು ಎರಡು ಮೆಟ್ಟಿಲ ಒಂದು ಏಣಿ ಇತ್ತು. ಅದನ್ನು ಹತ್ತಿ ನಿಂತು “ಈಗ ನೀವೇ ಗಿಡ್ಡ, ಸುಮ್ನೆ ನಿಂತ್ಕೊಳ್ಳಿ” ಎಂದು ಗದರುತ್ತಿದ್ದರು. ಅಡುಗೆಮನೆ ಮಾತ್ರ ಅಮ್ಮನ ಕಾಲದ್ದು. ಅಮ್ಮ ಎತ್ತರದ ಹೆಂಗಸು, ಮಗಳನ್ನು ಒಲೆಯ ಹತ್ತಿರಕ್ಕೇ ಬಿಟ್ಟವರಲ್ಲ. ಅವರು ತೀರಿಕೊಂಡ ಮೇಲೆ ಅಕ್ಕ ಮೂರು ಸ್ಟೂಲು ತಂದಿಟ್ಟರು. ಒಲೆಯ ಮುಂದೆ ಒಂದು, ಸಿಂಕಿನ ಮುಂದೆ ಒಂದು, ಡಬ್ಬಗಳ ಶೆಲ್ಫಿನ ಕೆಳಗೆ ಒಂದು.

“ನಾನು ಅಡುಗೆ ಮಾಡಲ್ಲ ಕಣೇ, ಬೆಟ್ಟ ಹತ್ತಿ ಇಳೀತೀನಿ” ಎನ್ನುತ್ತಿದ್ದರು ಕಿಟಕಿಯಾಚೆಯಿಂದ.

“ಅಂಗಡಿಯಲ್ಲಿ ಮಾಡಿಸಿಕೊಂಡ ಹಾಗೆ ಇಲ್ಲೂ ತಗ್ಗಿಸಿಕೊಳ್ಳಬಾರದಾ ಅಕ್ಕ?”

“ಅದು ದುಡಿಯೋ ಜಾಗ, ಅಳತೆ ಬೇಕು. ಇದು ನನ್ನೊಬ್ಬಳ ಹೊಟ್ಟೆ ಪಾಡು. ಹೇಗೋ ನಡೆಯುತ್ತೆ.”

ಹೇಗೋ ಎನ್ನುತ್ತಲೇ ಒಂಬತ್ತು ವರ್ಷ ನಡೆಯಿತು. ಹತ್ತನೆಯ ವರ್ಷ ಒಂದು ಬೆಳಗ್ಗೆ ನಾನು ಚಾದರ ಹಿಂಡುತ್ತಿದ್ದಾಗ ಕಿಟಕಿಯೊಳಗಿಂದ ಪಾತ್ರೆ ಬಿದ್ದ ಸದ್ದು, ಅದರ ಹಿಂದೆಯೇ ಧಡ್ ಎಂದು ಇನ್ನೊಂದು ಸದ್ದು. ಅಕ್ಕಾ ಎಂದು ಕೂಗಿದೆ. ಉತ್ತರವಿಲ್ಲ. ಒದ್ದೆ ಚಾದರವನ್ನು ಅಲ್ಲೇ ಬಿಸಾಕಿ ಓಡಿದೆ. ಅನ್ನ ಬಸಿಯುವಾಗ ಸ್ಟೂಲು ಜಾರಿತ್ತು. ಗಂಜಿ ಒಂದು ಕಾಲಿನ ಮೇಲೆ ಚೆಲ್ಲಿತ್ತು, ಬಲಗೈ ಮೈಯ ಅಡಿಗೆ ಸಿಕ್ಕಿತ್ತು. ಅಕ್ಕ ಅಳುತ್ತಿರಲಿಲ್ಲ. ಕೈಯನ್ನೇ ನೋಡುತ್ತ, “ಮಣಿಕಟ್ಟು ಹೋಯ್ತು ಕಣೇ. ಕತ್ತರಿ ಹಿಡಿಯೋ ಕೈ” ಎಂದರು.

ಆರು ವಾರ ಪ್ಲಾಸ್ಟರ್. ಕಾಲಿನ ಸುಟ್ಟಗಾಯ ಬೇಗ ಮಾಗಿತು. ಅಂಗಡಿಗೆ ಬೀಗ ಬಿತ್ತು. ಬೆಳಗಿನ ತಿಂಡಿ ನಾನು ಕೊಡುತ್ತಿದ್ದೆ, ಮಧ್ಯಾಹ್ನ ಅಕ್ಕನ ತಮ್ಮ ಕ್ಯಾರಿಯರ್ ತರುತ್ತಿದ್ದ. ಅವನು ಬಸ್ಸಿನ ಡ್ರೈವರು, ಆರಡಿ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಅಕ್ಕನೆಂದರೆ ಪ್ರಾಣ. ಪ್ಲಾಸ್ಟರ್ ಹಾಕಿದ ವಾರವೇ ಅವನು ತೀರ್ಮಾನ ಮಾಡಿಬಿಟ್ಟಿದ್ದ.

“ಅಕ್ಕ, ಇನ್ನು ಈ ಅಡುಗೆಮನೆಗೆ ಬೀಗ ಹಾಕು. ಎರಡು ಹೊತ್ತಿನ ಊಟ ನಮ್ಮನೆಯಿಂದ ಬರುತ್ತೆ. ಇವಳಿಗೂ ಹೇಳಿದೀನಿ.”

“ಹೌದು ಅತ್ತಿಗೆ, ಎರಡು ಹಿಡಿ ಅಕ್ಕಿ ಜಾಸ್ತಿ ಹಾಕಿದ್ರೆ ಆಯ್ತು” ಎಂದಳು ತಮ್ಮನ ಹೆಂಡತಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು.

ಅಕ್ಕ ಕ್ಯಾರಿಯರಿನ ಮುಚ್ಚಳವನ್ನು ಎಡಗೈಯಿಂದ ಒತ್ತಿ ಮುಚ್ಚಿದರು. ಆಮೇಲೆ, “ನನಗೆ ಹಸಿವಾಗೋದು ನಿನ್ನ ಬಸ್ಸಿನ ಟೈಮಿಗಲ್ಲ ಕಣೋ. ನನ್ನ ಉಪ್ಪು ನನ್ನ ಕೈಯಲ್ಲಿರಲಿ. ಅಡುಗೆಮನೆ ತಗ್ಗಿಸ್ತೀನಿ” ಎಂದರು.

ಮೊದಲು ಬಂದವನು ಒಬ್ಬ ಕಂಟ್ರಾಕ್ಟರ್. ಫೋನಿನಲ್ಲಿ ನೂರಾರು ಅಡುಗೆಮನೆಗಳ ಫೋಟೋ ಇಟ್ಟುಕೊಂಡಿದ್ದ. ಬಣ್ಣ ತೋರಿಸಿದ, ಹೊಳೆಯುವ ಹಿಡಿಕೆ ತೋರಿಸಿದ. ಅಕ್ಕ ತಮಗೆ ಬೇಕಾದ ಎತ್ತರ ಹೇಳಿದಾಗ ನಗು ತಡೆಯಲಾಗಲಿಲ್ಲ ಅವನಿಗೆ.

“ಮೇಡಂ, ಅದು ಮಕ್ಕಳ ಆಟದ ಅಡುಗೆಮನೆ ಆಗುತ್ತೆ. ನಾಳೆ ಮನೆ ಮಾರೋವಾಗ ಯಾರೂ ತಗೊಳ್ಳಲ್ಲ.”

“ಮಾರೋ ಕಾಲಕ್ಕೆ ನಾನಿರಲ್ಲ. ತಗೊಂಡೋರು ಒಡೆದು ಕಟ್ಟಿಕೊಳ್ಳಲಿ. ನೀವು ಹೊರಡಿ” ಎಂದರು ಅಕ್ಕ. ಅವನು ಹೋದ ಮೇಲೆ ಮಾತ್ರ ಮುಖ ಚಿಕ್ಕದಾಯಿತು. “ಅಷ್ಟು ನಗೋ ಅಂಥದ್ದು ಏನು ಕೇಳಿದೆ ನಾನು?” ಎಂದು ನನ್ನನ್ನು ಕೇಳಿದರು.

ಮೇಸ್ತ್ರಿಯನ್ನು ಹುಡುಕಿ ತಂದದ್ದು ನಾನು ಎಂದು ಹೇಳಿಕೊಳ್ಳಲು ಇವತ್ತಿಗೂ ನನಗೆ ಹೆಮ್ಮೆ. ನಮ್ಮ ಪ್ರೆಸ್ಸಿನ ಬಚ್ಚಲುಮನೆಗೆ ಟೈಲ್ಸ್ ಹಾಕಿದವರು ಅವರೇ. ಜನ ಅವರನ್ನು ಮೊಣಕಾಲು ಮೇಸ್ತ್ರಿ ಎನ್ನುತ್ತಾರೆ. ಟೈಲ್ಸ್ ಕೆಲಸದವರು ದಿನವಿಡೀ ಮೊಣಕಾಲೂರಿ ಕೂರಬೇಕಲ್ಲ. ಇವರು ರಬ್ಬರಿನ ಪಟ್ಟಿ ಕಟ್ಟಿಕೊಂಡ ಕಾಲಲ್ಲೇ ಟೀ ಕುಡಿಯಲು ಬೀದಿ ದಾಟುತ್ತಾರೆ. ವಯಸ್ಸು ಅರವತ್ತರ ಹತ್ತಿರ. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು.

ಅಕ್ಕನ ಪ್ಲಾಸ್ಟರ್ ತೆಗೆದು ವಾರವಾಗಿತ್ತು. ಮೇಸ್ತ್ರಿ ಬಂದರು, ಅಡುಗೆಮನೆಯ ನಡುವೆ ನಿಂತರು, ಸುತ್ತ ನೋಡಿದರು. ಟೇಪು ಹೊರಗೆ ತೆಗೆಯಲೇ ಇಲ್ಲ.

“ತಾಯಿ, ಒಂದು ಹೊತ್ತಿನ ಅಡುಗೆ ಮಾಡಿ. ನಾನು ನೋಡ್ತೀನಿ.”

“ಈಗಲಾ?”

“ಈಗಲೇ. ದಿನಾ ಮಾಡೋ ಹಾಗೆ. ನಾನು ಇಲ್ಲ ಅಂದುಕೊಳ್ಳಿ.”

ಅಕ್ಕ ಅನ್ನ, ಬೇಳೆ ಮತ್ತು ಒಂದು ತರಕಾರಿ ಮಾಡಿದರು. ಮೇಸ್ತ್ರಿ ಮೂಲೆಯಲ್ಲಿ ಮೊಣಕಾಲೂರಿ ಕುಳಿತುಬಿಟ್ಟರು. ಹಾಗೆ ಕುಳಿತಾಗ ಅವರ ಕಣ್ಣು ಅಕ್ಕನ ಕಣ್ಣು ಒಂದೇ ಮಟ್ಟಕ್ಕೆ ಬಂದದ್ದನ್ನು ನಾನು ಗಮನಿಸಿದೆ. ಅಕ್ಕ ಸ್ಟೂಲು ಹತ್ತಿದಾಗಲೆಲ್ಲ ಮೇಸ್ತ್ರಿ ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ಗೀಟು ಎಳೆಯುತ್ತಿದ್ದರು. ಅಡುಗೆ ಮುಗಿದಾಗ ಎಣಿಸಿದರು. ನಲವತ್ತೊಂದು.

“ಒಂದು ಊಟಕ್ಕೆ ನಲವತ್ತೊಂದು ಸಲ ಹತ್ತಿ ಇಳಿದಿದ್ದೀರಿ. ಬೀಳದೆ ಇನ್ನೇನಾಗುತ್ತೆ?” ಎಂದರು. ನಗಲಿಲ್ಲ.

ಆಮೇಲೆ ಟೇಪು ಹೊರಬಂತು. ಅಕ್ಕನ ಮೊಣಕೈ ನೆಲದಿಂದ ಎಷ್ಟು, ಕೈ ಮೇಲೆತ್ತಿದರೆ ಎಲ್ಲಿಗೆ ಎಟುಕುತ್ತದೆ, ಮುಂದೆ ಚಾಚಿದರೆ ಎಷ್ಟು, ತುಂಬಿದ ಪಾತ್ರೆ ಹಿಡಿದಾಗ ಭುಜ ಏಳುತ್ತದೆಯೇ, ಎಲ್ಲ ಬರೆದುಕೊಂಡರು. ಅಕ್ಕ ಕೈ ಅಗಲಿಸಿ ನಿಂತಿದ್ದರು, ಮುಖ ಕೆಂಪಾಗಿತ್ತು. “ಮೂವತ್ತು ವರ್ಷ ಟೇಪು ಹಿಡಿದಿದ್ದೀನಿ. ಟೇಪಿನ ಈ ಕಡೆ ನಿಂತದ್ದು ಇದೇ ಮೊದಲು” ಎಂದರು.

ಅಳತೆ ತೆಗೆದ ಮಾತ್ರಕ್ಕೆ ಮೇಸ್ತ್ರಿ ಗಾರೆ ಕಲಸಲಿಲ್ಲ. ಅಂಗಳದಲ್ಲಿ ಇಟ್ಟಿಗೆ ಜೋಡಿಸಿ, ಮೇಲೆ ಒಂದು ಹಳೆಯ ಬಾಗಿಲ ಹಲಗೆ ಇಟ್ಟು, “ನಾಲ್ಕು ದಿನ ಇದರ ಮೇಲೆ ಅಡುಗೆ ಮಾಡಿ ನೋಡಿ. ಎಲ್ಲಿ ನೋಯುತ್ತೆ ಅಂತ ಹೇಳಿ” ಎಂದು ಹೋದರು. ಎರಡನೆಯ ದಿನ ಅಕ್ಕನಿಗೆ ಗೊತ್ತಾಯಿತು, ತರಕಾರಿ ಹೆಚ್ಚುವುದಕ್ಕೆ ಎತ್ತರ ಸರಿ, ಒಲೆಗೆ ಮಾತ್ರ ಜಾಸ್ತಿ. ಒಲೆಯ ಎತ್ತರ ಬೇರೆ, ಅದರ ಮೇಲೆ ಪಾತ್ರೆಯ ಎತ್ತರ ಬೇರೆ. ಒಳಗೆ ಕುದಿಯುವುದು ಕಾಣಬೇಡವೇ? ಮೇಸ್ತ್ರಿ ಒಂದು ಸಾಲು ಇಟ್ಟಿಗೆ ತೆಗೆದರು. ಆಗ ತೀರಾ ತಗ್ಗಾಯಿತು. ಇಟ್ಟಿಗೆಯ ಬದಲು ಟೈಲ್ಸ್ ಚೂರು ಒಂದರ ಮೇಲೊಂದು ಇಟ್ಟು ಬೆರಳು ಬೆರಳಷ್ಟೇ ಏರಿಸಿದರು. ಕೊನೆಗೆ ಹೆಚ್ಚುವ ಕಟ್ಟೆ ಇಪ್ಪತ್ನಾಲ್ಕು ಇಂಚು, ಒಲೆಯ ಕಟ್ಟೆ ಇಪ್ಪತ್ತು ಎಂದು ಗೊತ್ತಾಯಿತು.

ಆ ನಾಲ್ಕು ದಿನಗಳಲ್ಲಿ ಅಕ್ಕನೂ ಸುಮ್ಮನಿರಲಿಲ್ಲ. ಮೇಸ್ತ್ರಿಯ ಅಂಗಿ ಯಾವಾಗಲೂ ಒಂದು ಕಡೆಗೆ ಜಾರಿಕೊಂಡೇ ಇರುತ್ತಿತ್ತು. ಮೂರನೆಯ ದಿನ ಏಣಿ ತಂದು, “ನಿಮ್ಮ ಎಡಗಡೆ ಭುಜ ಒಂದು ಇಂಚು ಇಳಿದಿದೆ ಮೇಸ್ತ್ರಿ. ಯಾವ ಟೈಲರೂ ನೋಡಲಿಲ್ಲವಾ?” ಎಂದರು.

“ಸಿಮೆಂಟಿನ ಮೂಟೆ ಹೊತ್ತ ಭುಜ. ಅಂಗಿ ಎಲ್ಲಿ ಕೂರುತ್ತೋ ಅಲ್ಲಿ ಕೂರಲಿ ಬಿಡಿ.”

“ಹಾಗೆಲ್ಲ ಬಿಡೋಕಾಗಲ್ಲ, ನಿಂತ್ಕೊಳ್ಳಿ.” ಅಲ್ಲೇ ಅಳತೆ ತೆಗೆದು, ನೋವಿರುವ ಕೈಯಲ್ಲೇ ನಿಧಾನವಾಗಿ ಹೊಲಿದು, ಎರಡು ಅಂಗಿ ಕೊಟ್ಟರು. ಕೈ ಮುರಿದ ಮೇಲೆ ಅವರು ಹೊಲಿದ ಮೊದಲ ಬಟ್ಟೆ ಅದು. ಮೇಸ್ತ್ರಿ ಹಾಕಿಕೊಂಡು ಕನ್ನಡಿ ನೋಡಿದರು. “ನನಗೆ ಭುಜ ಇದೆ ಅಂತಲೇ ಗೊತ್ತಾಗ್ತಿಲ್ಲ” ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ.

ಹಳೆಯ ಕಟ್ಟೆ ಒಡೆಯುವ ದಿನ ಅಕ್ಕ ನಮ್ಮ ಮನೆಗೆ ಬಂದು ಕುಳಿತರು. ಅಮ್ಮ ಕೈಯಾಡಿಸಿದ ಕಲ್ಲು, ಒಡೆಯುವುದನ್ನು ನೋಡಲಾರೆ ಎಂದರು. ಸುತ್ತಿಗೆಯ ಒಂದೊಂದು ಏಟಿಗೂ ಕಣ್ಣು ಮುಚ್ಚುತ್ತಿದ್ದರು. ಸಂಜೆ ಹೋಗಿ ನೋಡಿದರೆ ಮೇಸ್ತ್ರಿ ಆ ಕಪ್ಪು ಕಲ್ಲನ್ನು ಒಡೆಯದೆ ಇಡಿಯಾಗಿ ಎಬ್ಬಿಸಿ ಗೋಡೆಗೆ ಒರಗಿಸಿದ್ದರು. “ಒಳ್ಳೇ ಕಲ್ಲು. ಕತ್ತರಿಸಿ ಹೆಚ್ಚೋ ಕಟ್ಟೆಗೆ ಇದನ್ನೇ ಹಾಕೋಣ. ಎತ್ತರ ಅಷ್ಟೇ ತಾನೇ ಬೇಡವಾದದ್ದು” ಎಂದರು. ಅಕ್ಕ ಕಲ್ಲಿನ ಮೇಲೆ ಕೈಯಿಟ್ಟು ತಲೆ ಆಡಿಸಿದರು.

ಕೆಲಸ ಹದಿನೆಂಟು ದಿನ ಹಿಡಿಯಿತು. ತಗ್ಗಿದ ಕಟ್ಟೆಯ ಕೆಳಗೆ ಗ್ಯಾಸ್ ಸಿಲಿಂಡರ್ ನಿಲ್ಲುವುದಿಲ್ಲ ಎಂಬುದು ನಡುವೆ ಹೊಳೆಯಿತು. ಅದನ್ನು ಹಿತ್ತಲಿನ ಒಂದು ಗೂಡಿಗೆ ಸಾಗಿಸಿ, ಗೋಡೆಯೊಳಗಿಂದ ಪೈಪು ತಂದು, ಗ್ಯಾಸ್ ಆರಿಸುವ ತಿರುಗುಗುಂಡಿಯನ್ನು ಅಕ್ಕನ ಕೈಮಟ್ಟಕ್ಕೆ ಇಡಿಸಿದರು. ಸಿಂಕು ಆಳ ಕಮ್ಮಿಯದ್ದು ಬೇಕು ಎಂದು ಮೇಸ್ತ್ರಿ ಮೂರು ಅಂಗಡಿ ಸುತ್ತಿದರು. ಸ್ವಿಚ್ಚುಗಳು ಕೆಳಗಿಳಿದವು. ಕಿಟಕಿಯ ಮುಂದೆ ನಿಂತು ಒಂದು ಮಧ್ಯಾಹ್ನ ಮೇಸ್ತ್ರಿ ಕೇಳಿದರು, “ಇದರಾಚೆ ಏನಿದೆ ತಾಯಿ?”

“ಇವಳ ಹಿತ್ತಲು.”

“ಇಲ್ಲಿಂದ ನೋಡಿದ್ದೀರಾ?”

ಅಕ್ಕ ಇಲ್ಲ ಎಂದು ತಲೆಯಾಡಿಸಿದರು. ಮೇಸ್ತ್ರಿ ಕಿಟಕಿಯ ಕೆಳಗಿನ ಗೋಡೆಯನ್ನು ಒಂದೂವರೆ ಅಡಿ ಕತ್ತರಿಸಿ ಚೌಕಟ್ಟನ್ನು ಕೆಳಕ್ಕೆ ಉದ್ದ ಮಾಡಿದರು. ಅದು ಮೊದಲು ಒಪ್ಪಿಕೊಂಡ ಕೆಲಸದಲ್ಲಿ ಇರಲೇ ಇಲ್ಲ.

ಇಷ್ಟೆಲ್ಲ ಚೆನ್ನಾಗಿ ನಡೆಯುವಾಗ ಒಂದು ಎಡವಟ್ಟಾಯಿತು. ಮೇಸ್ತ್ರಿ ಎರಡು ದಿನ ಬೇರೆ ಕಡೆ ಹೋಗಬೇಕಿತ್ತು. ಆ ಹೊತ್ತಲ್ಲಿ ಬಡಗಿ ಬಂದು ಗೋಡೆಯ ಕಪಾಟುಗಳನ್ನು ಕೂರಿಸಿದ. ಗೋಡೆಯ ಮೇಲೆ ಗುರುತು ಹಾಕಿತ್ತು. ಆದರೆ ಅವನ ಕೈಗೆ ಅಭ್ಯಾಸವಾಗಿದ್ದ ಎತ್ತರವೇ ಬೇರೆ. ಎಲ್ಲರ ಮನೆಯಲ್ಲಿ ಹಾಕುವಷ್ಟೇ ಮೇಲೆ ಹಾಕಿಬಿಟ್ಟ. ಅಕ್ಕ ಅಲ್ಲೇ ಇದ್ದರು, ನೋಡುತ್ತಲೇ ಇದ್ದರು. ಬಾಯಿ ಬಿಡಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಯಾಕಕ್ಕ ಸುಮ್ಮನಿದ್ರಿ?”

“ಪಾಪ, ಆಗಲೇ ಎರಡು ಕಪಾಟು ಬಿಗಿದಿದ್ದ. ಪರವಾಗಿಲ್ಲ ಬಿಡೇ, ಒಂದು ಸ್ಟೂಲ್ ಇಟ್ಟುಕೊಂಡ್ರೆ ಆಯ್ತು.”

ನಾನು ಹಣೆ ಚಚ್ಚಿಕೊಂಡೆ. ಕಂಟ್ರಾಕ್ಟರ್‌ನನ್ನು ಬಾಗಿಲಿನಾಚೆ ಅಟ್ಟಿದ ಅದೇ ಅಕ್ಕ ಇವರೇ ಏನು? ಆಮೇಲೆ ಯೋಚಿಸಿದರೆ ಅರ್ಥವಾಯಿತು. ನಕ್ಕವನ ಮೇಲೆ ಸಿಟ್ಟು ಮಾಡುವುದು ಸುಲಭ. ಕಷ್ಟಪಟ್ಟು ಕೆಲಸ ಮಾಡಿದವನಿಗೆ, ಇದು ನನಗೆ ಆಗುವುದಿಲ್ಲ, ಬಿಚ್ಚು ಎನ್ನುವುದು ಕಷ್ಟ. ಹುಟ್ಟಿದಾಗಿನಿಂದ ತಾವೇ ಹೊಂದಿಕೊಂಡು ಬಂದವರಿಗೆ ಇನ್ನೂ ಕಷ್ಟ.

ಮಾರನೆಯ ದಿನ ಮೇಸ್ತ್ರಿ ಬಂದರು, ಕಪಾಟು ನೋಡಿದರು. ಬಡಗಿಯೂ ಉಳಿದ ಬಾಗಿಲು ಕೂರಿಸಲು ಬಂದಿದ್ದ. ಮೇಸ್ತ್ರಿ ಅವನಿಗೆ ಒಂದು ಮಾತೂ ಆಡಲಿಲ್ಲ. ಅಕ್ಕನ ಮುಂದೆ ಮೊಣಕಾಲೂರಿ ಕುಳಿತು ಕೇಳಿದರು.

“ತಾಯಿ, ಪ್ಯಾಂಟು ಉದ್ದ ಆಯ್ತು ಅಂತ ಗಿರಾಕಿ ವಾಪಸ್ ತಂದ್ರೆ ನೀವೇನು ಮಾಡ್ತೀರಿ?”

“ಬಿಚ್ಚಿ ಹೊಲಿದುಕೊಡ್ತೀನಿ.”

“ಬೈಕೊಂಡು?”

“ಯಾಕೆ ಬೈಯಲಿ? ತಪ್ಪಾಗಿದ್ದರೆ ಸರಿಮಾಡೋದು ನನ್ನ ಕೆಲಸ.”

“ಗಿರಾಕಿ ಸಂಕೋಚಕ್ಕೆ ಹೇಳದೇ ಹೋದ್ರೆ?”

ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತರು. ಮೇಸ್ತ್ರಿ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿಕೊಂಡರು. ಬಡಗಿಗೆ ತಾವು ಹೇಳುವುದಿಲ್ಲ ಎಂಬುದು ಅದರಲ್ಲೇ ಗೊತ್ತಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಬಡಗಿಯ ಹತ್ತಿರ ಹೋದರು. “ಅಣ್ಣ, ಕೆಲಸ ಚೆನ್ನಾಗಿ ಮಾಡಿದ್ದೀರಿ. ಆದರೆ ಇದು ನನ್ನ ಕೈಗೆ ಸಿಗಲ್ಲ. ಬಿಚ್ಚಿ ಒಂದೂವರೆ ಅಡಿ ಕೆಳಗೆ ಹಾಕಿಕೊಡಿ.”

ಬಡಗಿ ಮೇಲೆ ನೋಡಿದ, ಅಕ್ಕನನ್ನು ನೋಡಿದ, ಗೋಡೆಯ ಗುರುತು ನೋಡಿ ನಾಲಿಗೆ ಕಚ್ಚಿಕೊಂಡ. “ಅಯ್ಯೋ, ನಿನ್ನೆನೇ ಒಂದು ಮಾತು ಅನ್ನಬಾರದಾ ಅಕ್ಕ! ಕಣ್ಣು ಇದ್ದೂ ಕುರುಡನ ಹಾಗೆ ಹಾಕಿದ್ದೀನಿ” ಎಂದು ಆಗಲೇ ಸ್ಕ್ರೂ ಬಿಚ್ಚತೊಡಗಿದ. ಮಧ್ಯಾಹ್ನದೊಳಗೆ ಕಪಾಟುಗಳು ಕೆಳಗಿಳಿದವು. ಇಷ್ಟೇನಾ ಎಂಬಂತೆ ಅಕ್ಕ ನನ್ನ ಮುಖ ನೋಡಿದರು. ಇಷ್ಟೇ ಆಗಿತ್ತು.

ಹೊಸ ಅಡುಗೆಮನೆಯ ಮೊದಲ ಬೆಳಗ್ಗೆ ನಾನು ಎಂದಿನಂತೆ ಬಟ್ಟೆ ಒಗೆಯುತ್ತಿದ್ದೆ. “ಏನೇ, ಅಷ್ಟೊಂದು ಸೋಪು ಹಾಕ್ತೀಯಾ?” ಎಂಬ ದನಿ ಕೇಳಿ ತಲೆಯೆತ್ತಿದೆ. ಕಿಟಕಿಯಲ್ಲಿ ಅಕ್ಕನ ಪೂರ್ತಿ ಮುಖ, ಕುತ್ತಿಗೆ, ಸೌಟು ಹಿಡಿದ ಕೈ. ದಿನಾ ಬೀದಿಯಲ್ಲಿ ಕಂಡ ಮುಖವೇ. ಆದರೂ ಕೈಯಲ್ಲಿದ್ದ ಬಟ್ಟೆ ಬಿಟ್ಟು ಎದ್ದು ನಿಂತೆ. ಅಕ್ಕ ಮಾತ್ರ ನಮ್ಮ ಹಿತ್ತಲನ್ನು ಮೂಲೆ ಮೂಲೆ ಜಾಲಾಡಿ, “ಇಷ್ಟು ವರ್ಷ ನೀನು ಗುಡಿಸಿದೆ ಗುಡಿಸಿದೆ ಅಂತ ಬೊಗಳೆ ಬಿಟ್ಟದ್ದು ಈ ಜಾಗಾನಾ?” ಎಂದರು.

ಭಾನುವಾರ ತಮ್ಮ, ಅವನ ಹೆಂಡತಿ, ಮೇಸ್ತ್ರಿ, ಬಡಗಿ, ನಾನು, ಎಲ್ಲರಿಗೂ ಅಲ್ಲೇ ಊಟ. ಅಕ್ಕ ಒಬ್ಬರೇ ಮಾಡಿದರು, ಯಾರನ್ನೂ ಒಳಗೆ ಬಿಡಲಿಲ್ಲ. ಊಟವಾದ ಮೇಲೆ ಪಾತ್ರೆ ತೊಳೆಯುತ್ತೇನೆ ಎಂದು ತಮ್ಮ ಹಟ ಹಿಡಿದ. ಆರಡಿ ಆಳು ಆ ಸಿಂಕಿನ ಮುಂದೆ ಮಡಚಿಕೊಂಡು ನಿಂತ. ಹೆಂಡತಿ ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕಳು. ಆರು ತಟ್ಟೆ ಆಗುವಷ್ಟರಲ್ಲಿ ಅವನು ಸೊಂಟ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟ. ನಗುವೂ ನಿಂತಿತು.

“ಅಕ್ಕ, ಇಷ್ಟಕ್ಕೇ ನನ್ನ ಬೆನ್ನು ಹೋಯ್ತು. ನೀನು ಒಂಬತ್ತು ವರ್ಷ...” ಎಂದು ಅಲ್ಲಿಗೇ ನಿಲ್ಲಿಸಿದ.

“ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರದ್ದೂ ಸಮ ಆಯ್ತು” ಎಂದು ಅಕ್ಕ ಅವನ ತಲೆ ಸವರಿದರು. “ಏಳು, ಬಾಣಲೆ ಇನ್ನೂ ಉಳಿದಿದೆ.”

ಆಮೇಲಿನ ದಿನಗಳಲ್ಲಿ ಬಹಳ ಮಂದಿ ಆ ಅಡುಗೆಮನೆ ನೋಡಲು ಬಂದರು. ಮೇಸ್ತ್ರಿಯೇ ಕರೆದುಕೊಂಡು ಬರುತ್ತಿದ್ದರು. ಅಪಘಾತದಲ್ಲಿ ಕಾಲು ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಓಡಾಡುವ ಒಬ್ಬ ಮೇಷ್ಟ್ರು ಬಂದಿದ್ದರು. ಅಕ್ಕ ಅವರಿಗೆ ಒಲೆ ಬಿಟ್ಟುಕೊಟ್ಟು ಹೊರಗೆ ಬಂದು ಕುಳಿತರು. ಒಳಗಿಂದ ಮೊಟ್ಟೆ ಒಡೆಯುವ ಸದ್ದು, ಎಣ್ಣೆ ಚುರ್ ಎನ್ನುವ ಸದ್ದು. ನಾಲ್ಕು ವರ್ಷದ ಮೇಲೆ ತಾವೇ ಹುರಿದ ಮೊಟ್ಟೆಯನ್ನು ಮೇಷ್ಟ್ರು ತಟ್ಟೆಯಲ್ಲಿ ಹಿಡಿದು ಹೊರಗೆ ಬಂದಾಗ ಅವರ ಹೆಂಡತಿ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು. ಮೊಟ್ಟೆ ಒಂದು ಕಡೆ ಕರಿಕಾಗಿತ್ತು. ಅದನ್ನು ಐದು ಪಾಲು ಮಾಡಿ ತಿಂದೆವು.

ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ ನಮ್ಮ ಅಕ್ಕ. ಒಂದು ದಿನ ಮಾತ್ರ ಹಸಿ ಬಟಾಣಿ ಬಿಡಿಸುತ್ತಾ, “ನನ್ನನ್ನು ಎಲ್ಲರೂ ಎತ್ತಿಕೊಂಡು ನೋಡಿಕೊಳ್ತೀನಿ ಅಂದರು ಕಣೇ. ಆ ಮನುಷ್ಯ ಕೆಳಗೆ ಕೂತು ನೋಡಿದ” ಎಂದರು. ಎರಡೂ ಥರದವರು ಒಳ್ಳೆಯವರೇ, ಎತ್ತಿಕೊಳ್ಳುತ್ತೇನೆ ಎಂದವರ ಮೇಲೆ ನನಗೇನೂ ದೂರಿಲ್ಲ ಎಂದೂ ಸೇರಿಸಿದರು.

ಹೋದ ತಿಂಗಳು ತಮ್ಮನ ಹೆಂಡತಿ ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದಿದ್ದಳು. ಏನು ವಿಶೇಷ ಎಂದು ಹೇಳಿರಲಿಲ್ಲ. ಹೋದ ಕೂಡಲೇ ಅಕ್ಕನ ಕೈ ಹಿಡಿದು ಸೀದಾ ಅಡುಗೆಮನೆಗೆ ಕರೆದೊಯ್ದಳು. ಅವಳ ಎತ್ತರದ ಕಟ್ಟೆಯ ಪಕ್ಕದಲ್ಲಿ, ಬಾಗಿಲ ಹತ್ತಿರ, ಎರಡೂವರೆ ಅಡಿ ಅಗಲದ ಒಂದು ತಗ್ಗಿನ ಕಟ್ಟೆ ಹೊಸದಾಗಿ ಎದ್ದಿತ್ತು. ಮೇಲೆ ಒಂದು ಒಂಟಿ ಒಲೆ. ಗಾರೆ ಇನ್ನೂ ಪೂರ್ತಿ ಒಣಗಿರಲಿಲ್ಲ.

“ನೀವು ಬಂದಾಗಲೆಲ್ಲ ನಾನೊಬ್ಬಳೇ ಒಳಗೆ, ನೀವು ಹೊರಗೆ ಕುರ್ಚಿಯಲ್ಲಿ ನೆಂಟರ ಹಾಗೆ. ಇನ್ನು ಹಾಗಾಗಲ್ಲ ಅತ್ತಿಗೆ” ಎಂದು ಒಂದು ಬುಟ್ಟಿ ಈರುಳ್ಳಿಯನ್ನು ಅಕ್ಕನ ಮುಂದೆ ಇಟ್ಟಳು. “ಹೆಚ್ಚಿ.”

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಯ ಮುಂದೆ ನಿಂತರು. ಕಣ್ಣಲ್ಲಿ ನೀರು ಧಾರಾಕಾರ. “ಈರುಳ್ಳಿ ಘಾಟು” ಎಂದರು. ಇನ್ನೂ ಒಂದು ಈರುಳ್ಳಿಯ ಸಿಪ್ಪೆಯನ್ನೂ ಸುಲಿದಿರಲಿಲ್ಲ.